ನಮ್ಮ ಬೀದಿಯಲ್ಲಿ ಗಾಂಜಾ ಮಾರ್ತಿದ್ದಾರೆ ಅನ್ನಿಸಿದರೆ: ಏನು ನೋಡಬೇಕು, ಏನು ಬರೆದಿಡಬೇಕು, ಯಾರಿಗೆ ಹೇಳಬೇಕು

ಶಿವಮೊಗ್ಗದವರಿಗೆ ಕನ್ಸರ್ವೆನ್ಸಿ ಅಂದರೆ ಏನೆಂದು ಹೇಳಬೇಕಾಗಿಲ್ಲ. ಬೇರೆ ಊರಿನವರಿಗೆ ಹೇಳುತ್ತೇನೆ: ಎರಡು ಸಾಲು ಮನೆಗಳ ಹಿಂಬದಿಯಲ್ಲಿ ಹಾದುಹೋಗುವ ಕಿರಿದಾದ ಓಣಿ ಅದು. ಚರಂಡಿ, ಪೈಪು, ಬೆಕ್ಕು, ಒಡೆದ ಕಮೋಡು ಎಲ್ಲ ಅಲ್ಲೇ. ಪೇಟೆಯೊಳಗಿನ ಕೆಲವು ಕನ್ಸರ್ವೆನ್ಸಿಗಳಿಗೆ ಸ್ಮಾರ್ಟ್ ಸಿಟಿ ದುಡ್ಡಿನಲ್ಲಿ ಹೊಸ ರೂಪ ಬಂತು. ನಮ್ಮದಕ್ಕೆ ಆ ಭಾಗ್ಯ ಬರಲಿಲ್ಲ.

ಕೆಲವು ವರ್ಷದ ಹಿಂದೆ ಸಂಜೆ ಹೊತ್ತು ನಾಲ್ಕೈದು ಹುಡುಗರು ಅಲ್ಲಿ ಬಂದು ಗುಂಪಾಗಿ ಕೂರೋಕೆ ಶುರು ಮಾಡಿದರು. ನಾನು ಟೆರೇಸಿನಿಂದ ಒಂದು ಫೋಟೊ ಹೊಡೆದು, ‘ನಮ್ಮ ಏರಿಯಾದಲ್ಲಿ ಗಾಂಜಾ ಗ್ಯಾಂಗ್, ಎಚ್ಚರ’ ಅಂತ ಬಡಾವಣೆಯ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಿದೆ. ಅರ್ಧ ಗಂಟೆಯಲ್ಲಿ ಅದು ಏಳೆಂಟು ಗ್ರೂಪು ಸುತ್ತಿತ್ತು. ಮಾರನೇ ದಿನ ಬೆಳಿಗ್ಗೆ ಒಬ್ಬ ಹುಡುಗನ ಅಮ್ಮ ಬಾಗಿಲಿಗೆ ಬಂದು ನಿಂತರು. ಹುಡುಗರು ಪಕ್ಕದ ಮನೆಯ ವೈಫೈ ಅಲ್ಲಿ ಚೆನ್ನಾಗಿ ಸಿಗುತ್ತದೆ ಅಂತ ಬಂದು ಮೊಬೈಲ್ ಗೇಮ್ ಆಡುತ್ತಿದ್ದರಂತೆ. ಪಾಸ್‌ವರ್ಡ್ ಕೊಟ್ಟವನು ಪಕ್ಕದ ಮನೆಯ ಮಗನೇ. ಆ ತಾಯಿ ಕೂಗಾಡಲಿಲ್ಲ. ‘ಅಣ್ಣಾ, ನಿಮಗೂ ಮಕ್ಕಳಿದ್ದಾರೆ ಅಲ್ವಾ’ ಅಂದು ಹೋದರು. ಫೋಟೊ ಡಿಲೀಟ್ ಮಾಡಿದೆ, ಕ್ಷಮೆ ಕೇಳಿದೆ. ಹೋದ ಮೆಸೇಜು ವಾಪಸ್ ಬರುತ್ತದಾ?

ಇದಾಗಿ ಎರಡು ತಿಂಗಳಿಗೆ ಅದೇ ಓಣಿಯ ಇನ್ನೊಂದು ತುದಿಯಲ್ಲಿ ನಿಜವಾಗಿಯೂ ಮಾರಾಟ ಶುರುವಾಯಿತು. ಆಗ ನಾನು ಬಾಯಿ ಬಿಟ್ಟರೆ ಯಾರೂ ನಂಬುವ ಹಾಗಿರಲಿಲ್ಲ.

ಆಮೇಲೆ ಒಂದೊಂದಾಗಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ವಕೀಲನಲ್ಲ, ಪೊಲೀಸನೂ ಅಲ್ಲ. ಠಾಣೆ ಮೆಟ್ಟಿಲು ಹತ್ತಿ ಇಳಿದವನು, ಕಾನೂನಿನ ಪುಸ್ತಕ ಕೂತು ಓದಿದವನು, ಅಷ್ಟೇ.

ಮೊದಲು, ಕಂಡದ್ದು ಏನು ಅಂತ ನಿಮಗೆ ನೀವೇ ಕೇಳಿಕೊಳ್ಳಿ

ಹುಡುಗರು ಗುಂಪಾಗಿ ಕೂತಿದ್ದರೆ ಅದು ಅಪರಾಧವಲ್ಲ. ಉದ್ದ ಕೂದಲು, ಕಿವಿಗೆ ಓಲೆ, ಸೈಲೆನ್ಸರ್ ಕಿತ್ತ ಬೈಕು, ಇದ್ಯಾವುದೂ ಗಾಂಜಾಕ್ಕೆ ಸಾಕ್ಷಿಯಲ್ಲ. ಸೈಲೆನ್ಸರ್‌ಗೆ ಟ್ರಾಫಿಕ್ ಪೊಲೀಸರಿದ್ದಾರೆ, ಅದು ಬೇರೆ ಜಗಳ.

ಸೇದುವುದಕ್ಕೂ ಮಾರುವುದಕ್ಕೂ ಇರುವ ವ್ಯತ್ಯಾಸವನ್ನು ಕಣ್ಣು ಮೊದಲು ಹಿಡಿಯಬೇಕು. ಸೇದುವವರು ಬಂದರೆ ಕೂರುತ್ತಾರೆ. ಎದ್ದು ಹೋದ ಮೇಲೆ ಕಟ್ಟೆ ಮೇಲೆ ಸಿಗರೇಟಿನಿಂದ ಉದುರಿಸಿದ ತಂಬಾಕು, ತೆಳು ಕಾಗದದ ಚೂರು, ಸಣ್ಣ ಪ್ಲಾಸ್ಟಿಕ್ ಕವರು ಬಿದ್ದಿರುತ್ತದೆ. ಒಣ ಹುಲ್ಲಿಗೂ ಹಳೇ ಹಗ್ಗಕ್ಕೂ ಒಟ್ಟಿಗೆ ಬೆಂಕಿ ಬಿದ್ದ ಹಾಗಿನ ಘಾಟು ಸ್ವಲ್ಪ ಹೊತ್ತು ಅಲ್ಲೇ ನಿಂತಿರುತ್ತದೆ.

ಮಾರುವ ಜಾಗದಲ್ಲಿ ಹೀಗೆ ಯಾರೂ ಕೂರುವುದಿಲ್ಲ. ನಮ್ಮ ಓಣಿಯಲ್ಲಿ ಕಂಡದ್ದು ಇದು: ಸಂಜೆ ಆರೂವರೆಯಿಂದ ಏಳೂವರೆ ಒಳಗೆ ಒಬ್ಬ ಸ್ಕೂಟರಿನಲ್ಲಿ ಬರುತ್ತಾನೆ, ಇಂಜಿನ್ ಆಫ್ ಮಾಡುವುದಿಲ್ಲ. ಒಬ್ಬೊಬ್ಬರಾಗಿ ಬರುತ್ತಾರೆ, ಕೈ ಕುಲುಕಿದ ಹಾಗೆ ಮಾಡುತ್ತಾರೆ, ಅರ್ಧ ನಿಮಿಷ ನಿಂತು ಹೊರಡುತ್ತಾರೆ. ಮಾತಿಲ್ಲ, ನಗುವಿಲ್ಲ. ಗೆಳೆಯರಾಗಿದ್ದರೆ ಒಂದು ಬೈಗುಳವಾದರೂ ಕೇಳಬೇಕಿತ್ತು! ಅವನು ಹೋದ ಮೇಲೆ ಇನ್ನೊಬ್ಬ ಬಂದು ಕಾಂಪೌಂಡಿನ ಬಿರುಕಿನಲ್ಲಿ ಕೈ ಹಾಕಿ ಏನೋ ತೆಗೆದುಕೊಂಡು ಹೋದ. ಒಂದು ದಿನ ಕಂಡರೆ ಅದು ಏನೂ ಆಗಿರಬಹುದು. ಎರಡು ವಾರ ಅದೇ ಹೊತ್ತು, ಅದೇ ಜಾಗ, ಅದೇ ಚಾಳಿ ಕಂಡರೆ ಪೊಲೀಸರಿಗೆ ಹೇಳುವಷ್ಟು ಸಂಗತಿ ಇದೆ ಅಂತ ಅರ್ಥ.

ಗಾಂಜಾ ಒಂದೇ ಅಲ್ಲ. ಡಾಕ್ಟರ ಚೀಟಿ ಇಲ್ಲದೆ ನಿದ್ದೆ ಮಾತ್ರೆ, ನೋವಿನ ಮಾತ್ರೆ ಕೊಡುವ ಮೆಡಿಕಲ್ ಶಾಪ್, ಸಣ್ಣ ಮಕ್ಕಳು ಬಟ್ಟೆಗೆ ಹಾಕಿ ಮೂಸುವ ಪಂಕ್ಚರ್ ಸಲ್ಯೂಷನ್, ಇವೂ ಇದೇ ಲೆಕ್ಕಕ್ಕೆ ಬರುತ್ತವೆ. ಹೇಳಬೇಕಾದ ಜಾಗ ಮಾತ್ರ ಬೇರೆ ಬೇರೆ, ಮುಂದೆ ಹೇಳುತ್ತೇನೆ.

ಬರೆದಿಡಿ. ಹೆಸರನ್ನಲ್ಲ, ಕಂಡದ್ದನ್ನು

ನಾವು ತಪ್ಪುವುದು ಇಲ್ಲೇ. ಠಾಣೆಗೆ ಹೋಗಿ ‘ಸಾರ್, ನಮ್ಮ ಏರಿಯಾದಲ್ಲಿ ಗಾಂಜಾ ಜಾಸ್ತಿಯಾಗಿದೆ, ಏನಾದರೂ ಮಾಡಿ’ ಅಂದರೆ ಅವರು ‘ಆಯ್ತು ನೋಡ್ತೀವಿ’ ಅನ್ನುತ್ತಾರೆ, ಬೇರೇನು ಅನ್ನೋಕಾಗುತ್ತದೆ? ಅದರಲ್ಲಿ ಅವರು ಹಿಡಿದುಕೊಂಡು ಹೋಗುವಂಥದ್ದು ಏನೂ ಇಲ್ಲ. ಇನ್ನು ಕೆಲವರು ನೇರ ‘ಇಂಥವನ ಮಗನೇ ಮಾರೋದು’ ಅಂತ ಹೆಸರು ಹೇಳಿಬಿಡುತ್ತಾರೆ. ಕೇಳಿದರೆ ‘ಎಲ್ಲರಿಗೂ ಗೊತ್ತು ಮಾರಾಯ್ರೆ’ ಅನ್ನುತ್ತಾರೆ. ಎಲ್ಲರಿಗೂ ಗೊತ್ತಿರುವುದು ಅಂದರೆ ಬಹಳ ಸಲ ಯಾರೂ ನೋಡಿಲ್ಲ ಅಂತಲೇ.

ಮಗಳ ಹಳೇ ರಫ್ ನೋಟ್‌ಬುಕ್ಕಿನಲ್ಲಿ ನಾನು ಬರೆಯುತ್ತಿದ್ದದ್ದು ಹೀಗೆ:

‘ಮಂಗಳವಾರ, ಸಂಜೆ 6.40. ಕನ್ಸರ್ವೆನ್ಸಿಯ ಕೆಳಗಿನ ತುದಿ, ಟ್ರಾನ್ಸ್‌ಫಾರ್ಮರ್ ಪಕ್ಕ. ಕಪ್ಪು ಸ್ಕೂಟರ್, ಹಿಂದಿನ ಇಂಡಿಕೇಟರ್ ಒಡೆದಿದೆ, ನಂಬರಿನ ಕೊನೆಯ ಎರಡು ಅಂಕಿ ಮಾತ್ರ ಕಂಡಿತು. ಹೆಲ್ಮೆಟ್ ಇತ್ತು, ಮುಖ ಕಾಣಲಿಲ್ಲ. 15 ನಿಮಿಷದಲ್ಲಿ ನಾಲ್ಕು ಜನ ಬಂದು ಹೋದರು. ಏನೋ ಕೊಟ್ಟ ಹಾಗೆ ಕಂಡಿತು. ಏನು ಅಂತ ಕಾಣಲಿಲ್ಲ.’

ಕೊನೆಯ ಎರಡು ವಾಕ್ಯ ನೋಡಿ. ಕಾಣದ್ದನ್ನು ಕಾಣಲಿಲ್ಲ ಅಂತ ಬರೆದಿದ್ದಕ್ಕೇ ಆಮೇಲೆ ಪಿಎಸ್‌ಐ ನನ್ನ ಮಾತಿಗೆ ಬೆಲೆ ಕೊಟ್ಟರು ಅಂತ ನನಗೆ ಅನ್ನಿಸುತ್ತದೆ. ಅದಕ್ಕೂ ಮುಂಚೆ ಅವರಿಗೆ ಬಂದಿದ್ದ ಫೋನುಗಳಲ್ಲೆಲ್ಲ ಎಲ್ಲರಿಗೂ ಎಲ್ಲವೂ ಕಂಡಿತ್ತಂತೆ.

ದಿನ, ಗಂಟೆ, ಜಾಗದ ಗುರುತು, ವಾಹನ, ಎಷ್ಟು ಜನ, ಯಾವ ಕಡೆಯಿಂದ ಬಂದು ಯಾವ ಕಡೆ ಹೋದರು. ಇಷ್ಟು ಸಾಕು. ನಿಮ್ಮ ಮನೆ ಕಿಟಕಿಯಿಂದ, ಅಂಗಡಿ ಗಲ್ಲಾದಿಂದ, ವಾಕಿಂಗ್ ಹೋಗುವಾಗ ಸಹಜವಾಗಿ ಎಷ್ಟು ಕಾಣುತ್ತದೋ ಅಷ್ಟೇ. ಹಿಂಬಾಲಿಸಿ ಹೋಗಬೇಡಿ. ಮೊಬೈಲ್ ಎತ್ತಿ ವಿಡಿಯೊ ಮಾಡಬೇಡಿ, ಅವರ ಕಣ್ಣಿಗೆ ಬಿದ್ದರೆ ನಿಮ್ಮ ಮನೆ ಯಾವುದು ಅಂತ ಅವರಿಗೆ ಗೊತ್ತಾಗುತ್ತದೆ. ಗಿರಾಕಿಯ ವೇಷ ಹಾಕಿ ಕೊಂಡು ತರುವ ಸಾಹಸವಂತೂ ಬೇಡವೇ ಬೇಡ. ಮಾಲು ನಿಮ್ಮ ಜೇಬಿನಲ್ಲಿದ್ದರೆ ಕಾನೂನಿನ ಪ್ರಕಾರ ಆ ಹೊತ್ತಿಗೆ ಆರೋಪಿ ನೀವೇ. ಬಿರುಕಿನಲ್ಲಿ ಪೊಟ್ಟಣ ಕಂಡರೂ ಮುಟ್ಟಬೇಡಿ, ಅಲ್ಲೇ ಬಿಟ್ಟು ಫೋನ್ ಮಾಡಿ.

ಕಾನೂನು, ನಮಗೆ ಬೇಕಾದಷ್ಟು ಮಾತ್ರ

ಇದೆಲ್ಲಕ್ಕೂ ಆಧಾರ 1985ರ ಎನ್‌ಡಿಪಿಎಸ್ ಕಾಯ್ದೆ, ಅಂದರೆ ಮಾದಕ ವಸ್ತುಗಳ ಕಾಯ್ದೆ. ಅದರಲ್ಲಿ ಎಷ್ಟು ಸಿಕ್ಕಿತು ಅನ್ನುವುದರ ಮೇಲೆ ಶಿಕ್ಷೆ. ಗಾಂಜಾ ಆದರೆ 1 ಕಿಲೋವರೆಗೆ ಸಣ್ಣ ಪ್ರಮಾಣ: 1 ವರ್ಷದವರೆಗೆ ಜೈಲು, ಇಲ್ಲವೇ 10 ಸಾವಿರದವರೆಗೆ ದಂಡ, ಇಲ್ಲವೇ ಎರಡೂ. 20 ಕಿಲೋಗಿಂತ ಹೆಚ್ಚಾದರೆ ವಾಣಿಜ್ಯ ಪ್ರಮಾಣ: 10ರಿಂದ 20 ವರ್ಷ. ನಡುವಿನದಕ್ಕೆ 10 ವರ್ಷದವರೆಗೆ. ಎಂಡಿಎಂಎ ಥರದ ರಾಸಾಯನಿಕ ಮಾದಕಗಳಿಗೆ ಲೆಕ್ಕ ಗ್ರಾಮಿನಲ್ಲಿ, ಎಂಡಿಎಂಎ 10 ಗ್ರಾಮ್ ದಾಟಿದರೇ ವಾಣಿಜ್ಯ ಪ್ರಮಾಣ ಆಗಿಬಿಡುತ್ತದೆ.

ಇದನ್ನು ಯಾಕೆ ಹೇಳಿದೆ ಅಂದರೆ, ಬೀದಿ ಮೂಲೆಯಲ್ಲಿ ಮಾರುವವನ ಹತ್ತಿರ ಒಂದು ಹೊತ್ತಿಗೆ ಇರುವುದು ಐದೋ ಹತ್ತೋ ಪ್ಯಾಕೆಟ್. ಸಿಕ್ಕಿಬಿದ್ದರೂ ಅದು ಸಣ್ಣ ಪ್ರಮಾಣವೇ. ಬೇಲ್ ಬೇಗ ಆಗುತ್ತದೆ. ಹಿಡಿದುಕೊಂಡು ಹೋದವನು ಮುಂದಿನ ವಾರ ಟೀ ಅಂಗಡಿ ಮುಂದೆ ಕಂಡರೆ ‘ಪೊಲೀಸರು ದುಡ್ಡು ತಿಂದು ಬಿಟ್ಟರು’ ಅಂತ ತೀರ್ಪು ಕೊಡಬೇಡಿ. ತಿಂದಿರಲೂಬಹುದು, ಆದರೆ ಬಹಳ ಸಲ ಅದು ಸುಮ್ನೆ ಕಾನೂನು ಇರುವ ರೀತಿ. ಪೊಲೀಸರಿಗೆ ಬೇಕಾಗಿರುವುದು ಅವನಿಗೆ ತಂದುಕೊಡುವವನು. ಅದಕ್ಕೇ ‘ಯಾವ ಕಡೆಯಿಂದ ಬಂದ’ ಅನ್ನುವ ನಿಮ್ಮ ಒಂದು ಸಾಲು ಹೆಸರಿಗಿಂತ ಉಪಯೋಗಕ್ಕೆ ಬರುತ್ತದೆ.

ಮಕ್ಕಳ ವಿಷಯ ಬಂದರೆ ಮಾತ್ರ ಬೇರೆ. 18ರ ಒಳಗಿನವರಿಗೆ ಮಾದಕ ವಸ್ತು ಕೊಟ್ಟರೆ, ಅಥವಾ ಅವರ ಕೈಯಲ್ಲಿ ಸಾಗಿಸಿದರೆ, ಮಾರಿಸಿದರೆ 2015ರ ಬಾಲನ್ಯಾಯ ಕಾಯ್ದೆಯ 77 ಮತ್ತು 78ನೇ ಕಲಂ ಪ್ರಕಾರ 7 ವರ್ಷದವರೆಗೆ ಶಿಕ್ಷೆ ಇದೆ. ಶಾಲೆ ಬ್ಯಾಗು ಹಾಕಿಕೊಂಡ ಹುಡುಗ ಪೊಟ್ಟಣ ಮುಟ್ಟಿಸುವುದನ್ನು ಕಂಡರೆ ಆ ಮಾತನ್ನು ಮೊದಲೇ ಹೇಳಿ, ಜೊತೆಗೆ ಮಕ್ಕಳ ಸಹಾಯವಾಣಿ 1098ಕ್ಕೂ ತಿಳಿಸಿ.

ಯಾರಿಗೆ ಹೇಳಬೇಕು

ನಿಮ್ಮ ಬೀದಿಗೆ ಒಬ್ಬ ಬೀಟ್ ಪೊಲೀಸ್ ಇದ್ದಾರೆ. ಗೊತ್ತಾ? ನನಗೂ ಗೊತ್ತಿರಲಿಲ್ಲ. ಠಾಣೆಯ ವ್ಯಾಪ್ತಿಯನ್ನು ಬೀಟುಗಳಾಗಿ ಹಂಚಿ ಒಂದೊಂದಕ್ಕೆ ಒಬ್ಬೊಬ್ಬ ಸಿಬ್ಬಂದಿಯನ್ನು ಹಾಕಿರುತ್ತಾರೆ. 2025ರ ಜುಲೈನಲ್ಲಿ ಶುರುವಾದ ‘ಮನೆ ಮನೆಗೆ ಪೊಲೀಸ್’ ಕೂಡ ಇದರ ಮೇಲೆಯೇ ನಿಂತಿರುವುದು. ಅವರು ನಿಮ್ಮ ಮನೆಗೆ ಬರುವವರೆಗೂ ಕಾಯುತ್ತಾ ಕೂರಬೇಡಿ. ಠಾಣೆಗೆ ಹೋಗಿ, ‘ಇಂಥ ಅಡ್ಡರಸ್ತೆ ಯಾರ ಬೀಟು’ ಅಂತ ಕೇಳಿ ಹೆಸರು, ನಂಬರ್ ಬರೆದುಕೊಳ್ಳಿ. ಏನೂ ತೊಂದರೆ ಇಲ್ಲದಾಗಲೇ ಒಂದು ಸಲ ಮಾತಾಡಿಸಿ. ಮನೆಗೆ ಬೀಗ ಹಾಕಿ ಊರಿಗೆ ಹೋಗುವಾಗ ಒಂದು ಫೋನು, ಗಣಪತಿ ಹಬ್ಬದ ಬಂದೋಬಸ್ತಿಗೆ ನಿಂತಿದ್ದಾಗ ಒಂದು ಲೋಟ ಕಾಫಿ, ಪರಿಚಯ ಆಗುವುದು ಇಂಥದ್ದರಲ್ಲೇ. ಪರಿಚಯ ಇಲ್ಲದವರ ಗಾಂಜಾ ಕಥೆ ಕೇಳುವುದಕ್ಕೂ ಪರಿಚಯ ಇರುವವರ ಕಥೆ ಕೇಳುವುದಕ್ಕೂ ವ್ಯತ್ಯಾಸ ಇದ್ದೇ ಇದೆ. ಸರಿಯೋ ತಪ್ಪೋ, ಹಾಗಿದೆ.

ಆದರೂ ನನಗೆ ಆದದ್ದು ಹೇಳಬೇಕು. ಮೊದಲ ಸಲ ಒಂದು ಠಾಣೆಯ ಮುಂದಿನ ಟೇಬಲ್ಲಿನಲ್ಲೇ ನಿಂತು, ನಾಲ್ಕು ಜನ ಕೇಳುವ ಹಾಗೆ ಎಲ್ಲ ಹೇಳಿದೆ. ಅಲ್ಲಿದ್ದವರು ಒಂದು ಚೀಟಿ ಮೇಲೆ ನನ್ನ ಹೆಸರು, ಮನೆ ನಂಬರ್ ಬರೆದುಕೊಂಡರು. ಮಾರನೇ ದಿನ ಹಾಲು ತರೋಕೆ ಹೋದರೆ ಬೂತಿನವನು ‘ಕಂಪ್ಲೇಂಟ್ ಕೊಟ್ರಂತಲ್ಲ’ ಅಂದ. ನನ್ನ ಹೆಂಡತಿ ಒಂದು ವಾರ ಹಿಂದಿನ ಬಾಗಿಲು ತೆಗೆಯಲಿಲ್ಲ. ಹಾಗಾಗಿ ಮುಂದಿನ ಟೇಬಲ್ಲಿನಲ್ಲಿ ಏನೂ ಹೇಳಬೇಡಿ. ‘ಇನ್ಸ್‌ಪೆಕ್ಟರ್ ಹತ್ತಿರ ಎರಡು ನಿಮಿಷ ಮಾತಾಡಬೇಕು’ ಅನ್ನಿ. ಅವರಿಲ್ಲದಿದ್ದರೆ ಇನ್ನೊಂದು ದಿನ ಹೋಗಿ.

ಹತ್ತಿರದ ಠಾಣೆಯೇ ಬೇಡ ಅನ್ನಿಸಿದರೆ ಬೇರೆ ದಾರಿಗಳಿವೆ. ಜಿಲ್ಲೆಯಲ್ಲಿ ಸಿಇಎನ್ ಠಾಣೆ ಇದೆ. ಸೈಬರ್, ಆರ್ಥಿಕ, ಮಾದಕ ವಸ್ತು, ಈ ಮೂರೂ ಅವರ ಕೆಲಸ. ಆನ್‌ಲೈನ್ ದುಡ್ಡು ಕಳಕೊಂಡವರು ಮಾತ್ರ ಅಲ್ಲಿಗೆ ಹೋಗುವುದು ಅಂದುಕೊಂಡಿದ್ದೆ ನಾನು. ಕೊರಿಯರ್ ಪಾರ್ಸೆಲ್ಲಿನಲ್ಲಿ ಬರುತ್ತಿದೆ, ಟೆಲಿಗ್ರಾಂನಲ್ಲಿ ಆರ್ಡರ್ ಆಗುತ್ತಿದೆ ಅನ್ನುವಂಥದ್ದಕ್ಕೆ ಇದೇ ಸರಿಯಾದ ಜಾಗ.

ಈಗಲೇ, ಕಣ್ಣೆದುರೇ ನಡೆಯುತ್ತಿದ್ದರೆ, ಹೊಡೆದಾಟ ಆಗುತ್ತಿದ್ದರೆ 112. ಕರೆ ಮಾಡಿದರೆ ನಿಮ್ಮ ನಂಬರ್ ಅವರಿಗೆ ಕಾಣುತ್ತದೆ, ಗಾಡಿಯವರು ವಾಪಸ್ ಫೋನ್ ಮಾಡಿ ದಾರಿ ಕೇಳುತ್ತಾರೆ. ‘ದಯವಿಟ್ಟು ನನ್ನ ಮನೆ ಮುಂದೆ ಗಾಡಿ ನಿಲ್ಲಿಸಬೇಡಿ’ ಅಂತ ಆಗಲೇ ಹೇಳಿಬಿಡಿ. ಇದನ್ನು ಹೇಳಲು ಮರೆತು, ನೀಲಿ ಕೆಂಪು ಲೈಟು ಗೇಟಿನ ಮುಂದೆಯೇ ತಿರುಗುತ್ತಾ ನಿಂತ ಕಥೆ ನಮ್ಮ ಏರಿಯಾದಲ್ಲಿ ಒಂದಿದೆ.

ಹೆಸರು ಹೇಳದೆ ತಿಳಿಸಬೇಕು ಅಂದರೆ 1933. ಇದು ನಾರ್ಕೋಟಿಕ್ಸ್ ಕಂಟ್ರೋಲ್ ಬ್ಯೂರೋ ನಡೆಸುವ ಮಾನಸ್ ಸಹಾಯವಾಣಿ, 2024ರ ಜುಲೈನಲ್ಲಿ ಶುರುವಾದದ್ದು, ದಿನವಿಡೀ ಇರುತ್ತದೆ. ಟೆಲಿ-ಮಾನಸ್ ಅಂತ ಇನ್ನೊಂದಿದೆ, 14416, ಅದು ಮಾನಸಿಕ ಆರೋಗ್ಯದ್ದು. ಹೆಸರು ಒಂದೇ ಥರ, ಹಾಗಾಗಿ ಜನ ಅಲ್ಲಿಗೆ ಫೋನ್ ಮಾಡಿ ಗಾಂಜಾ ಮಾರುವವನ ಬಗ್ಗೆ ಹೇಳುತ್ತಾರೆ, ಇಲ್ಲಿಗೆ ಫೋನ್ ಮಾಡಿ ನಿದ್ದೆ ಬರಲ್ಲ ಅನ್ನುತ್ತಾರೆ. ನಂಬರ್ ಸೇವ್ ಮಾಡುವಾಗಲೇ ಬೇರೆ ಹೆಸರಿಡಿ.

ಅಬಕಾರಿ ಇಲಾಖೆಗೂ ಗಾಂಜಾ ಹಿಡಿಯುವ ಅಧಿಕಾರ ಇದೆ, ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಮೆಡಿಕಲ್ ಶಾಪ್ ವಿಷಯಕ್ಕೆ ಸಹಾಯಕ ಔಷಧ ನಿಯಂತ್ರಕರ ಕಚೇರಿ. ಶಾಲೆಯಿಂದ 100 ಗಜದ ಒಳಗೆ ಬೀಡಿ, ಸಿಗರೇಟು, ಗುಟ್ಕಾ ಮಾರುವುದು 2003ರ ತಂಬಾಕು ನಿಯಂತ್ರಣ ಕಾಯ್ದೆಯಲ್ಲೇ ನಿಷೇಧ. ಅಂಥ ಗೂಡಂಗಡಿ ಬಗ್ಗೆ ಶಾಲೆಯ ಅಭಿವೃದ್ಧಿ ಸಮಿತಿಯಿಂದ (ಎಸ್‌ಡಿಎಂಸಿ) ಒಂದು ಅರ್ಜಿ ಪಾಲಿಕೆಗೂ ಠಾಣೆಗೂ ಹೋಗಲಿ. ಒಬ್ಬ ತಂದೆ ಕೊಟ್ಟ ಅರ್ಜಿಗಿಂತ ಸಮಿತಿಯ ಸೀಲು ಇರುವ ಅರ್ಜಿಗೆ ತೂಕ ಹೆಚ್ಚು.

ನಿಮ್ಮ ಹೆಸರು ಹೊರಗೆ ಬರುತ್ತದಾ?

ಎಲ್ಲರಿಗೂ ಇರುವ ಭಯ ಇದೇ. ಪತ್ರಿಕೆಯಲ್ಲಿ ‘ಖಚಿತ ಮಾಹಿತಿ ಮೇರೆಗೆ ದಾಳಿ ನಡೆಸಿದ ಪೊಲೀಸರು’ ಅಂತ ಒಂದು ಸಾಲು ಬರುತ್ತದಲ್ಲ, ಆ ಖಚಿತ ಮಾಹಿತಿ ಎಂದರೆ ನಮ್ಮ ನಿಮ್ಮಂಥ ಯಾರೋ. ಅಲ್ಲಿ ಹೆಸರಿರುವುದಿಲ್ಲ, ಇರಬೇಕಾಗಿಯೂ ಇಲ್ಲ. ಎನ್‌ಡಿಪಿಎಸ್ ಕಾಯ್ದೆಯ 68ನೇ ಕಲಂ ಪ್ರಕಾರ, ಮಾಹಿತಿ ಎಲ್ಲಿಂದ ಬಂತು ಎಂದು ಹೇಳುವಂತೆ ಅಧಿಕಾರಿಯನ್ನು ಒತ್ತಾಯಿಸುವಂತಿಲ್ಲ.

ಮಾಹಿತಿ ಕೊಡುವುದು ಬೇರೆ, ದೂರು ಕೊಡುವುದು ಬೇರೆ, ಪಂಚರಾಗುವುದು ಬೇರೆ. ಸಹಿ ಹಾಕಿ ದೂರು ಕೊಟ್ಟರೆ ನೀವು ದೂರುದಾರ, ಕೋರ್ಟಿಗೆ ಕರೆಯಬಹುದು. ಜಪ್ತಿಯ ಜಾಗದಲ್ಲಿ ಬರೆಯುವ ಮಹಜರಿಗೆ ಸಾಕ್ಷಿಯಾಗಿ ಸಹಿ ಹಾಕಿದರೆ ಪಂಚ, ಆಗಲೂ ಕರೆಯುತ್ತಾರೆ, ವರ್ಷಗಳ ನಂತರ ಸಮನ್ಸ್ ಬರುತ್ತದೆ. ಬರೀ ಮಾಹಿತಿ ಕೊಟ್ಟರೆ ಇದ್ಯಾವುದೂ ಇಲ್ಲ. ‘ನಾನು ಮಾಹಿತಿ ಮಾತ್ರ ಕೊಡುತ್ತಿದ್ದೇನೆ, ಪಂಚನಾಗಿ ಬರಲಾರೆ’ ಅಂತ ಮೊದಲೇ ಹೇಳುವುದರಲ್ಲಿ ಮುಜುಗರ ಏನೂ ಇಲ್ಲ.

ಹೆಸರು ಸೋರುವುದು ಸಾಮಾನ್ಯವಾಗಿ ನಮ್ಮ ಬಾಯಿಂದಲೇ. ಠಾಣೆಯಿಂದ ಬಂದು ಭಾವನಿಗೆ ಹೇಳುತ್ತೇವೆ, ಭಾವ ಅವರಕ್ಕನಿಗೆ ಹೇಳುತ್ತಾರೆ. ಮನೆಯಲ್ಲಿ ಒಬ್ಬರಿಗೆ ಗೊತ್ತಿದ್ದರೆ ಸಾಕು.

ಇನ್ನೊಂದು ಕಡೆಯೂ ಇದೆ. ಆಗದವರನ್ನು ಸಿಕ್ಕಿಸಲು ಬೇಕೆಂದೇ ಸುಳ್ಳು ಮಾಹಿತಿ ಕೊಟ್ಟು, ಅದರಿಂದ ಮನೆ ತಪಾಸಣೆಯೋ ಬಂಧನವೋ ಆದರೆ, ಕೊಟ್ಟವನಿಗೆ ಅದೇ ಕಾಯ್ದೆಯ 58ನೇ ಕಲಂನಲ್ಲಿ 2 ವರ್ಷದವರೆಗೆ ಜೈಲು. ಬೇಲಿ ಜಗಳ, ಬಾಡಿಗೆ ಜಗಳ ಇರುವವರ ಬಗ್ಗೆ ಮಾಹಿತಿ ಕೊಡುವ ಮುಂಚೆ ಒಂದು ರಾತ್ರಿ ಮಲಗಿ ಎದ್ದು ಯೋಚಿಸಿ. ಪ್ರಾಮಾಣಿಕವಾಗಿ ತಪ್ಪು ತಿಳಿದು ಹೇಳಿದವರಿಗೆ ಈ ಕಲಂ ಅಲ್ಲ.

ಹೇಳಿದ ಮೇಲೆ

ಏನೂ ಆಗುವುದಿಲ್ಲ! ಒಂದು ವಾರ, ಎರಡು ವಾರ, ಏನೂ ಆಗುವುದಿಲ್ಲ. ನನಗೆ ಮೈಯೆಲ್ಲ ಉರಿದಿತ್ತು. ಆಮೇಲೆ ಗೊತ್ತಾಯಿತು, ಮನೆಯೋ ಗೋದಾಮೋ ಹುಡುಕಬೇಕಾದರೆ ಬಂದ ಮಾಹಿತಿಯನ್ನು ಬರೆದು 72 ಗಂಟೆಯೊಳಗೆ ಮೇಲಧಿಕಾರಿಗೆ ಪ್ರತಿ ಕಳಿಸಬೇಕು. ಒಬ್ಬನ ಮೈ ತಪಾಸಣೆ ಮಾಡಬೇಕಾದರೆ, ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟ್ ಎದುರೇ ಮಾಡಿ ಅನ್ನುವ ಹಕ್ಕು ಅವನಿಗಿದೆ, ಅದನ್ನು ಅವನಿಗೆ ತಿಳಿಸಬೇಕು. 2024ರ ಜುಲೈ 1ರಿಂದ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ತಪಾಸಣೆ, ಜಪ್ತಿಯನ್ನು ವಿಡಿಯೊ ಮಾಡಬೇಕು. ಇದರಲ್ಲಿ ಒಂದು ತಪ್ಪಿದರೂ ಕೋರ್ಟಿನಲ್ಲಿ ಕೇಸು ಬೀಳುವ ಅಪಾಯ. ಮಾಲಿನ ಸಮೇತ ಸಿಗಬೇಕು, ಅದಕ್ಕೆ ಸರಿಯಾದ ದಿನ ಬೇಕು. ನಾವು ‘ಬಂದು ಹಿಡಿದುಕೊಂಡು ಹೋಗಬಾರದಾ’ ಅನ್ನುವುದು ಸುಲಭ.

ಈ ನಡುವೆ ನಿಮ್ಮ ಕೆಲಸ ಪುಸ್ತಕ ಬರೆಯುತ್ತಾ ಹೋಗುವುದು. ಹತ್ತು ದಿನಕ್ಕೊಮ್ಮೆ ಹೊಸದೇನಾದರೂ ಇದ್ದರೆ ಮಾತ್ರ ತಿಳಿಸಿ. ದಿನಾ ಫೋನ್ ಮಾಡಿದರೆ ನಿಮ್ಮ ನಂಬರ್ ನೋಡಿ ಎತ್ತದೆ ಇರುವ ದಿನ ಬರುತ್ತದೆ.

ನಮ್ಮ ಓಣಿಗೆ ಐದನೇ ವಾರ ಬಂದರು. ಮಫ್ತಿಯಲ್ಲಿ ಇಬ್ಬರು, ಕೇಬಲ್ ರಿಪೇರಿಯವರ ಹಾಗೆ ಒಂದು ಏಣಿ ಹಿಡಿದುಕೊಂಡು. ನಾನೂ ಅವರನ್ನು ಕೇಬಲ್‌ನವರು ಅಂದುಕೊಂಡು ‘ನಮ್ಮನೆ ಕನೆಕ್ಷನ್ನೂ ನೋಡಿ’ ಅಂದಿದ್ದೆ.

ಎರಡು ತಿಂಗಳಾದರೂ ಅಲುಗಾಟ ಇಲ್ಲದಿದ್ದರೆ ಮೇಲೆ ಹೋಗಿ. ಡಿವೈಎಸ್‌ಪಿ, ಆಮೇಲೆ ಎಸ್‌ಪಿ ಕಚೇರಿ. ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ, ಅಥವಾ ಸ್ಪೀಡ್ ಪೋಸ್ಟು ಮಾಡಿ. ದೂರು ಕೊಟ್ಟರೂ ಠಾಣೆಯಲ್ಲಿ ದಾಖಲಿಸಲಿಲ್ಲ ಅಂದರೆ ಎಸ್‌ಪಿಗೆ ಬರೆಯುವುದು ನಿಮ್ಮ ಹಕ್ಕು. ಶಿವಮೊಗ್ಗ ಜಿಲ್ಲೆ ದಾವಣಗೆರೆಯಲ್ಲಿರುವ ಪೂರ್ವ ವಲಯದ ಐಜಿಪಿ ಕೆಳಗೆ ಬರುತ್ತದೆ, ಚಿಕ್ಕಮಗಳೂರು ಮಂಗಳೂರಿನ ಪಶ್ಚಿಮ ವಲಯಕ್ಕೆ. ಸಿಬ್ಬಂದಿಯೇ ಮಾಮೂಲಿ ತೆಗೆದುಕೊಳ್ಳುತ್ತಿದ್ದಾರೆ ಅನ್ನುವುದಕ್ಕೆ ನಿಮ್ಮ ಹತ್ತಿರ ಗಟ್ಟಿ ಆಧಾರ ಇದ್ದರೆ ಲೋಕಾಯುಕ್ತ. ಬರೀ ಅನುಮಾನ ಇದ್ದರೆ ಠಾಣೆ ಬದಲಿಸಿ, ಅಷ್ಟೇ.

ಹಳ್ಳಿ, ತೋಟ, ಕಾಡಂಚು

ತೀರ್ಥಹಳ್ಳಿ, ಹೊಸನಗರ, ಸಾಗರ ಕಡೆಯವರಿಗೆ ವಿಷಯ ಸ್ವಲ್ಪ ಬೇರೆ. ಅಲ್ಲಿ ಪ್ರಶ್ನೆ ಮಾರುವವನದ್ದಷ್ಟೇ ಅಲ್ಲ, ಬೆಳೆಯುವವನದ್ದು ಕೂಡ. ಮೆಕ್ಕೆಜೋಳದ ಹೊಲದ ನಡುವೆ, ಶುಂಠಿ ಪಟ್ಟೆಯ ಸಾಲಿನಲ್ಲಿ ನಾಲ್ಕಾರು ಗಿಡ ಹಾಕಿ ಸಿಕ್ಕಿಬಿದ್ದ ಸುದ್ದಿ ಪೇಪರಿನಲ್ಲಿ ಬರುತ್ತಲೇ ಇರುತ್ತದೆ. ಗಿಡ ಬೆಳೆದರೆ 10 ವರ್ಷದವರೆಗೆ ಶಿಕ್ಷೆ, ಅಲ್ಲಿ ಒಂದು ಕಿಲೋ, ಎರಡು ಕಿಲೋ ಲೆಕ್ಕ ಇಲ್ಲ.

ಮೊದಲು ಗಿಡ ಯಾವುದು ಅಂತ ಖಾತ್ರಿ ಮಾಡಿಕೊಳ್ಳಿ. ಪುಂಡಿ ಗಿಡದ ಎಲೆ ದೂರದಿಂದ ಥೇಟ್ ಗಾಂಜಾ ಎಲೆಯ ಹಾಗೇ ಕಾಣುತ್ತದೆ. ಮರಗೆಣಸಿನ ಎಲೆಯೂ ಬೆರಳು ಬಿಡಿಸಿದ ಹಾಗೆ ಇರುತ್ತದೆ, ಆದರೆ ಅಂಚಿನಲ್ಲಿ ಗರಗಸದ ಹಲ್ಲು ಇರುವುದಿಲ್ಲ. ಗಾಂಜಾ ಎಲೆಯ ಪ್ರತಿ ಬೆರಳಿನ ಅಂಚೂ ಗರಗಸ. ಪುಂಡಿ ಸೊಪ್ಪಿನ ಪಲ್ಯ ಮಾಡುವ ಮನೆಗೆ ಪೊಲೀಸ್ ಕಳಿಸಿದ ಅಪಕೀರ್ತಿ ನಿಮಗೆ ಬರುವುದು ಬೇಡ.

ನಿಮ್ಮದೇ ಜಮೀನಿನಲ್ಲಿ, ಗೇಣಿಗೋ ಶುಂಠಿಗೋ ಕೊಟ್ಟ ಜಾಗದಲ್ಲಿ ಯಾರೋ ಹಾಕಿದ್ದು ಕಂಡರೆ ಕಿತ್ತು ಬಿಸಾಡಿ ಸುಮ್ಮನಾಗಬೇಡಿ. ಜಮೀನಿನವರು ತಿಳಿಸಲೇಬೇಕು ಅಂತ ಎನ್‌ಡಿಪಿಎಸ್ ಕಾಯ್ದೆಯ 46ನೇ ಕಲಂ ಹೇಳುತ್ತದೆ. ಗೊತ್ತಿದ್ದೂ ಸುಮ್ಮನಿದ್ದರೆ ಅದೇ ತಪ್ಪು. ಗ್ರಾಮ ಆಡಳಿತಾಧಿಕಾರಿ, ಪಂಚಾಯಿತಿಯವರಿಗೂ 47ನೇ ಕಲಂನಲ್ಲಿ ಇದೇ ಹೊಣೆ ಇದೆ. ‘ನಮಗ್ಯಾಕೆ ಬೇಕು’ ಅನ್ನುವ ಸದಸ್ಯರಿಗೆ ಇದೊಂದು ಸಾಲು ತೋರಿಸಿ. ಕಾಡೊಳಗಿನ ಜಾಗವಾದರೆ ಫಾರೆಸ್ಟ್ ಗಾರ್ಡ್‌ಗೂ ಹೇಳಿ.

ಹಳ್ಳಿಯಲ್ಲಿ ಗುಟ್ಟು ಉಳಿಯುವುದು ಕಷ್ಟ. ಯಾರ ಬೈಕು ಯಾವ ಹೊತ್ತಿಗೆ ಪೇಟೆಗೆ ಹೋಯಿತು ಅನ್ನುವುದೂ ಎಲ್ಲರಿಗೂ ಗೊತ್ತು. ಅಂಥಲ್ಲಿ 1933 ವಾಸಿ. ಅಥವಾ ಅಡಿಕೆ ಮಂಡಿಗೆ ಶಿವಮೊಗ್ಗಕ್ಕೆ ಬಂದ ದಿನ ಸಿಇಎನ್ ಠಾಣೆಗೆ ಹೋಗಿ ಬನ್ನಿ, ಯಾರೂ ಎಂಥಕ್ಕೆ ಹೋದದ್ದು ಅಂತ ಕೇಳುವುದಿಲ್ಲ.

ಬೀದಿಯವರು ಒಟ್ಟಾಗಿ ಮಾಡಬಹುದಾದದ್ದು

ಲೈಟು. ನಮ್ಮ ಓಣಿಯ ಬೀದಿದೀಪ ಏಳು ತಿಂಗಳು ಕೆಟ್ಟಿತ್ತು. ಪಾಲಿಕೆಗೆ ಅರ್ಜಿ ಕೊಟ್ಟು, ಕಂಬದ ನಂಬರ್ ಸಮೇತ ಬರೆದು, ಮತ್ತೆ ಮತ್ತೆ ಹೋಗಿ ಹಾಕಿಸಿದೆವು. ಖಾಲಿ ಸೈಟಿನ ಪಾರ್ಥೇನಿಯಂ ಕಡಿಸಲು ಮಾಲೀಕರನ್ನು ಹುಡುಕಿದರೆ ಅವರು ಬೆಂಗಳೂರಿನಲ್ಲಿದ್ದರು. ಎರಡು ಮನೆಯ ಹೆಂಗಸರು ಸಂಜೆ ಹೊತ್ತು ಬಟ್ಟೆ ಒಣಹಾಕುವ ತಂತಿಯನ್ನು ಓಣಿಯ ಕಡೆಗೆ ಕಟ್ಟಿಕೊಂಡರು. ಜನ ಓಡಾಡುವ ಜಾಗದಲ್ಲಿ ಕೈ ಕುಲುಕುವುದು ಕಷ್ಟ. ದಾಳಿಗಿಂತ ಇದರ ಪರಿಣಾಮ ಜಾಸ್ತಿ ದಿನ ಉಳಿಯಿತು ಅಂತಲೇ ನನ್ನ ಲೆಕ್ಕ. ಜೂನ್ 26ಕ್ಕೆ ಮಾದಕ ವಸ್ತು ವಿರೋಧಿ ದಿನದ ಜಾಥಾ ಆಗುತ್ತದೆ, ಫ್ಲೆಕ್ಸ್ ಹಿಡಿದು ಫೋಟೊ ಆಗುತ್ತದೆ, 27ಕ್ಕೆ ಅದೇ ಕತ್ತಲು. ಆ ಫ್ಲೆಕ್ಸಿನ ದುಡ್ಡಿಗೆ ಎರಡು ಬಲ್ಬು ಬರುತ್ತಿತ್ತು.

ರೂಮು ಬಾಡಿಗೆಗೆ ಕೊಡುವವರು ಆಧಾರ್ ಪ್ರತಿ, ಕಾಲೇಜಿನ ಗುರುತಿನ ಚೀಟಿ ತೆಗೆದುಕೊಳ್ಳಿ. ಗೊತ್ತಿದ್ದೂ ಮನೆಯನ್ನು ಈ ದಂಧೆಗೆ ಬಿಟ್ಟರೆ ಮಾಲೀಕರ ಮೇಲೂ ಕೇಸು ಬರುತ್ತದೆ. ಆದರೆ ಅದೇ ನೆಪದಲ್ಲಿ ಹೊರ ರಾಜ್ಯದ ಹುಡುಗರಿಗೆ ರೂಮೇ ಇಲ್ಲ ಅನ್ನುವುದು, ಅಡಿಕೆ ಕೊನೆ ಕೊಯ್ಲಿಗೆ ಬಂದ ಕೂಲಿಯವರ ಶೆಡ್ಡಿಗೆ ನುಗ್ಗಿ ಹುಡುಕುವುದು ಬೇಡ. ಹುಡುಕುವ ಅಧಿಕಾರ ನಮಗಿಲ್ಲ.

ಶಿವಮೊಗ್ಗದಲ್ಲಿ ಇದನ್ನು ಇನ್ನೂ ಒತ್ತಿ ಹೇಳಬೇಕು. ನಮ್ಮೂರು ಒಂದು ಫ್ಲೆಕ್ಸಿಗೆ, ಒಂದು ಫಾರ್ವರ್ಡಿಗೆ ಹೊತ್ತಿಕೊಂಡ ದಿನಗಳು ಎಲ್ಲರಿಗೂ ನೆನಪಿವೆ. ಗಾಂಜಾ ಮಾರುವವನ ಜಾತಿ, ಧರ್ಮ ಹುಡುಕಿ ಮೆಸೇಜು ಮಾಡಿದರೆ ಮಾರುವವನಿಗೇ ಲಾಭ. ಅವನು ತನ್ನವರ ಹಿಂದೆ ಅಡಗಿಕೊಳ್ಳುತ್ತಾನೆ, ಪೊಲೀಸರು ಗಾಂಜಾ ಬಿಟ್ಟು ಬಂದೋಬಸ್ತಿಗೆ ಓಡುತ್ತಾರೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯಲ್ಲಿ ಮಕ್ಕಳ ಕಳ್ಳರು ಅನ್ನುವ ವಾಟ್ಸ್‌ಆ್ಯಪ್ ಸುದ್ದಿ ನಂಬಿದ ಜನ ಹೈದರಾಬಾದಿನ ಒಬ್ಬ ಟೆಕಿಯನ್ನು ಹೊಡೆದು ಕೊಂದೇ ಹಾಕಿದರು. ನನ್ನ ಟೆರೇಸಿನ ಫೋಟೊ ಅಲ್ಲಿಯವರೆಗೆ ಹೋಗದೆ ಇದ್ದದ್ದು ನನ್ನ ಜಾಣತನದಿಂದಲ್ಲ. ಗ್ರೂಪಿನಲ್ಲಿ ಬೀದಿದೀಪದ ಬಗ್ಗೆ ಎಷ್ಟು ಬೇಕಾದರೂ ಬರೆಯಿರಿ. ಜನರ ಬಗ್ಗೆ ಬರೆಯುವುದನ್ನು ನೋಟ್‌ಬುಕ್ಕಿನಲ್ಲೇ ಇಟ್ಟುಕೊಳ್ಳಿ.

ಸೇದುವವನು ನಮ್ಮ ಮನೆಯವನೇ ಆಗಿದ್ದರೆ

ಎರಡು ವಾರ ಕಿಟಕಿಯಿಂದ ನೋಡಿದಾಗ ಬಂದು ಹೋದ ಹುಡುಗರಲ್ಲಿ ಇಬ್ಬರು ನನಗೆ ಪರಿಚಯದವರು. ಒಬ್ಬ ನನ್ನ ಸ್ನೇಹಿತನ ಮಗ. ಅದನ್ನು ಪುಸ್ತಕದಲ್ಲಿ ಬರೆಯಲಿಲ್ಲ, ಪೊಲೀಸರಿಗೂ ಹೇಳಲಿಲ್ಲ. ಸರಿಯಾ ತಪ್ಪಾ ನೀವೇ ಹೇಳಿ. ಸ್ನೇಹಿತನ ಮನೆಗೆ ಹೋದೆ.

ಹೊಡೆಯುವುದು, ರೂಮಿಗೆ ಕೂಡಿ ಹಾಕುವುದು, ಮೊಬೈಲ್ ಕಿತ್ತುಕೊಳ್ಳುವುದು, ಅಪ್ಪಂದಿರ ಮೊದಲ ಮೂರು ಉಪಾಯ ಇವೇ. ಮೂರೂ ಕೆಲಸ ಮಾಡುವುದಿಲ್ಲ. 14446ಕ್ಕೆ ಫೋನ್ ಮಾಡಿ, ಅದು ವ್ಯಸನ ಬಿಡಿಸುವ ಸಹಾಯವಾಣಿ, ದುಡ್ಡಿಲ್ಲ. ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗ ಇದೆ. ತಾಲ್ಲೂಕಿನವರು ಮನೋಚೈತನ್ಯ ಕ್ಲಿನಿಕ್ ಇರುವ ದಿನ ತಾಲ್ಲೂಕು ಆಸ್ಪತ್ರೆಗೇ ಹೋಗಬಹುದು, ಸಾಮಾನ್ಯವಾಗಿ ಮಂಗಳವಾರ ಇರುತ್ತದೆ. ಪೊಲೀಸ್ ಕೇಸು ಆಗುತ್ತದಾ ಅನ್ನುವ ಭಯಕ್ಕೂ ಎನ್‌ಡಿಪಿಎಸ್ ಕಾಯ್ದೆಯಲ್ಲೇ ಉತ್ತರ ಇದೆ: ಸೇವನೆಯ ಅಥವಾ ಸಣ್ಣ ಪ್ರಮಾಣದ ಕೇಸು ಇರುವ ವ್ಯಸನಿ ತಾನಾಗಿಯೇ ಸರ್ಕಾರಿ ಅಥವಾ ಮಾನ್ಯತೆ ಇರುವ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಸೇರಿ ಅದನ್ನು ಪೂರ್ತಿ ಮಾಡಿದರೆ, ಆ ಕೇಸಿನ ವಿಚಾರಣೆಯಿಂದ ಅವನಿಗೆ 64ಎ ಕಲಂ ರಕ್ಷಣೆ ಕೊಡುತ್ತದೆ. ಅರ್ಧಕ್ಕೆ ಬಿಟ್ಟು ಬಂದರೆ ರಕ್ಷಣೆ ಹೋಗುತ್ತದೆ.

ಮೆಗ್ಗಾನ್‌ಗೆ ಹೋಗುವುದಾದರೆ ಬೆಳಿಗ್ಗೆ ಬೇಗ ಹೊರಡಿ, ಒಪಿಡಿ ಚೀಟಿಯ ಸಾಲು ಉದ್ದ ಇರುತ್ತದೆ. ನೆಂಟರು ಸಿಕ್ಕಿ ‘ಎಂಥ ಆಯ್ತು’ ಅಂದರೆ ಹೇಳಲು ಒಂದು ಉತ್ತರ ಮೊದಲೇ ಇಟ್ಟುಕೊಳ್ಳಿ, ನನ್ನ ಸ್ನೇಹಿತ ಬೆನ್ನುನೋವು ಅಂತ ಹೇಳಿದ. ಒಳಗೆ ಡಾಕ್ಟರ ಹತ್ತಿರ ಒಬ್ಬನೇ ಹೋಗ್ತೀನಿ ಅಂತ ಹುಡುಗ ಅಂದರೆ ಬಿಡಿ. ನೀವು ಹೊರಗೆ ಬೆಂಚಿನ ಮೇಲೆ ಕೂತಿರಿ.